ತಾರಸಿ ಕೆಳಗಿನ ಬಾಡಿಗೆ ಮನೆ, 200 ಯೂನಿಟ್‌ನ ಗಡಿ: ಮೊದಲು ಯಾವುದಕ್ಕೆ ಹಣ ಹಾಕಬೇಕು?

ಓದುಗರ ಪ್ರಶ್ನೆ

"ನಮ್ಮದು ಕಲಬುರಗಿಯಲ್ಲಿ ಬಾಡಿಗೆ ಮನೆ. ಮೊದಲ ಮಹಡಿ, ತಲೆ ಮೇಲೆ ನೇರ ತಾರಸಿ. 600 ಚದರಡಿ ಇರಬಹುದು. ಏಪ್ರಿಲ್ ಬಂತೆಂದರೆ ರಾತ್ರಿ 11 ಆದರೂ ಫ್ಯಾನಿನಿಂದ ಬಿಸಿಗಾಳಿಯೇ ಬೀಳುತ್ತದೆ. ಅತ್ತೆಗೆ 71 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. 'ಗೃಹಜ್ಯೋತಿ ಹೋಗಿಬಿಡುತ್ತೆ' ಎಂದು ನಾವಿಲ್ಲದಾಗ ಮಧ್ಯಾಹ್ನ ಫ್ಯಾನ್ ಆರಿಸಿ ಕೂರುತ್ತಾರೆ. ನಮಗೆ ಅರ್ಹತೆ 78 ಯೂನಿಟ್, ಹೋದ ತಿಂಗಳು 172 ಬಂದಿದೆ. ಮನೆಯಲ್ಲಿ ಮೂರು ಫ್ಯಾನ್, 15 ವರ್ಷದ ಫ್ರಿಜ್, ಮೂರು ಹಳೆ ಟ್ಯೂಬ್‌ಲೈಟ್, ಟಿವಿ, ಅರ್ಧ ಎಚ್‌ಪಿ ಮೋಟಾರ್ ಇವೆ. ಕೈಯಲ್ಲಿ 15 ಸಾವಿರ ರೂಪಾಯಿ ಇದೆ. ಪರಿಚಯದವರು ಕಂತಿನಲ್ಲಿ ಎಸಿ ತಗೊಳ್ಳಿ ಎನ್ನುತ್ತಾರೆ. ಪಕ್ಕದ ಮನೆಯವರು ಕೂಲರ್ ಸಾಕು ಅನ್ನುತ್ತಾರೆ, ಅತ್ತೆ ಕೂಲರಿನಿಂದ ಕೀಲುನೋವು ಬರುತ್ತೆ ಅನ್ನುತ್ತಾರೆ. ಅಂಗಡಿಯವನು ಪ್ಲಗ್ಗಿಗೆ ಹಾಕುವ 'ಪವರ್ ಸೇವರ್' ಡಬ್ಬಿ ತೋರಿಸಿದ. ಮಾಲೀಕರು ತಾರಸಿಗೆ ಸುಣ್ಣ ಬಳಿಯಿರಿ, ಖರ್ಚು ನಿಮ್ಮದೇ ಅಂದಿದ್ದಾರೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಯಾವುದು ಮೊದಲು ಮಾಡಲಿ? ಈಗಾಗಲೇ ಮೇ ತಿಂಗಳು, ಈ ವರ್ಷಕ್ಕೆ ಏನಾದರೂ ಉಪಯೋಗ ಇದೆಯೇ?"

ಉತ್ತರ

ಎಸಿಯೋ ಕೂಲರೋ ಎಂಬ ವಿಚಾರ ಆಮೇಲೆ. ಇವತ್ತೇ ಆಗಬೇಕಾದ್ದು ಒಂದಿದೆ: ಅತ್ತೆಯವರು ಫ್ಯಾನ್ ಆರಿಸುವುದು ನಿಲ್ಲಬೇಕು. ನಿಮ್ಮ ಮನೆಯ ಹಳೆ ಫ್ಯಾನ್ 75 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ನಾಲ್ಕು ಗಂಟೆ ಆರಿಸಿದರೆ ಉಳಿಯುವುದು 0.3 ಯೂನಿಟ್, ಅಂದರೆ ಎರಡು ರೂಪಾಯಿ. ಅದನ್ನು ಅವರಿಗೆ ರೂಪಾಯಿಯ ಲೆಕ್ಕದಲ್ಲೇ ಹೇಳಿ. "ಕರೆಂಟ್ ಉಳಿಸಬೇಡಿ" ಎಂದರೆ ಆ ವಯಸ್ಸಿನವರು ಕೇಳುವುದಿಲ್ಲ. ಎರಡು ರೂಪಾಯಿಗೆ ಈ ಸಂಕಟವೇ ಎಂದರೆ ಕೇಳಬಹುದು.

ಗೃಹಜ್ಯೋತಿ "ಹೋಗಿಬಿಡುತ್ತೆ" ಎಂಬ ಭಯವನ್ನೂ ಬಿಡಿಸಿಬಿಡೋಣ. ರಾಜ್ಯ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆ 2023ರಲ್ಲಿ ಶುರುವಾದಾಗ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅರ್ಹತೆ ಲೆಕ್ಕ ಹಾಕಿದರು. 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗೆ ಶೇ. 10ರ ಬದಲು ನೇರವಾಗಿ 10 ಯೂನಿಟ್ ಎಂದರು. ನಿಮ್ಮ 78 ಬಂದಿರುವುದು ಇಂಥ ಲೆಕ್ಕದಿಂದ, ನಿಮಗೆ ಉಚಿತವಾಗಿ ಸಿಗುವುದು ಅಷ್ಟು ಯೂನಿಟ್. 78ರೊಳಗೆ ಇದ್ದರೆ ಬಿಲ್ ಸೊನ್ನೆ. 78 ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದ ತಿಂಗಳು ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಒಂದು ತಿಂಗಳು ದಾಟಿದರೆ ಯೋಜನೆಯೇ ರದ್ದಾಗುತ್ತದೆ ಎಂಬುದು ಸುಳ್ಳು. ಮುಂದಿನ ತಿಂಗಳು ಬಳಕೆ ಇಳಿದರೆ ಮತ್ತೆ ಹಳೆಯ ಲೆಕ್ಕವೇ.

ಹಾಗಾಗಿ ನಿಮ್ಮ ಪಾಲಿಗೆ ಅಪಾಯದ ಗೆರೆ 78 ಅಲ್ಲ, 200. ಆ ಗೆರೆ ಎಷ್ಟು ಕಡಿದಾಗಿದೆ ನೋಡಿ. ಶಕ್ತಿ ಶುಲ್ಕ, ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿಯೋಣ. 199 ಯೂನಿಟ್ ಬಂದರೆ 121ಕ್ಕೆ ದುಡ್ಡು, ಸುಮಾರು 850 ರೂಪಾಯಿ. 201 ಬಂದರೆ 1,400 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಎರಡು ಯೂನಿಟ್‌ಗೆ ಅಷ್ಟು ವ್ಯತ್ಯಾಸ. ನೀವು ಈಗ 172ರಲ್ಲಿ ಇದ್ದೀರಿ. ಬೇರೇನೂ ಮಾಡದೆ ನಾಳೆಯೇ ಒಂದು ಕೂಲರ್ ತಂದಿಟ್ಟರೆ, 180 ವ್ಯಾಟ್, ದಿನಕ್ಕೆ 10 ಗಂಟೆ, ತಿಂಗಳಿಗೆ 54 ಯೂನಿಟ್. ಒಟ್ಟು 226. ಪಕ್ಕದ ಮನೆಯವರಿಗೆ ಕೂಲರ್ ಅಗ್ಗವಾಗಿರಬಹುದು, ನಿಮಗೆ ಅದೊಂದೇ ಗೆರೆ ದಾಟಿಸುತ್ತದೆ. ಅದಕ್ಕೇ ಏನು ಕೊಳ್ಳಬೇಕು ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವುದು ಇಲ್ಲಿ ಮುಖ್ಯ.

ರಾತ್ರಿ 11ಕ್ಕೂ ಬಿಸಿಗಾಳಿ ಯಾಕೆ

ಇವತ್ತು ರಾತ್ರಿ 8 ಗಂಟೆಗೆ ಫ್ಯಾನ್ ಆರಿಸಿ, ಸ್ಟೂಲ್ ಹತ್ತಿ ಅಂಗೈಯನ್ನು ಛಾವಣಿಗೆ ಒತ್ತಿ ನೋಡಿ. ಆಮೇಲೆ ಒಳಗೋಡೆ ಮುಟ್ಟಿ. ಛಾವಣಿ ಕೈಗೆ ಬೆಚ್ಚಗೆ ತಾಗಿದರೆ, ಗೋಡೆ ಅಷ್ಟಿಲ್ಲದಿದ್ದರೆ, ನಿಮ್ಮ ಒಲೆ ಯಾವುದು ಎಂದು ತಿಳಿಯಿತು.

600 ಚದರಡಿಯ ಐದಿಂಚಿನ ಸ್ಲ್ಯಾಬ್ ಎಂದರೆ ಹತ್ತಿರಹತ್ತಿರ 17 ಟನ್ ಕಾಂಕ್ರೀಟ್. ಅದನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ನಾಲ್ಕು ಯೂನಿಟ್‌ನಷ್ಟು ಶಾಖ ಬೇಕು. ಏಪ್ರಿಲ್–ಮೇ ಮಧ್ಯಾಹ್ನದಲ್ಲಿ ಪ್ರತಿ ಚದರ ಮೀಟರ್ ತಾರಸಿಯ ಮೇಲೆ 900ರಿಂದ 1,000 ವ್ಯಾಟ್ ಬಿಸಿಲು ಬೀಳುತ್ತದೆ. ಮಸಿಗಟ್ಟಿದ ಹಳೆ ಸಿಮೆಂಟ್ ಅದರಲ್ಲಿ ಮುಕ್ಕಾಲು ಪಾಲು ಕುಡಿದುಬಿಡುತ್ತದೆ. ಕುಡಿದ ಶಾಖ ಕೆಳಗಿಳಿಯಲು ಕೆಲವು ಗಂಟೆ ಬೇಕು. ಹಾಗಾಗಿ ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಒಳಮೈ ಕಾದಿರುತ್ತದೆ, ಸಂಜೆಯಿಂದ ನಡುರಾತ್ರಿವರೆಗೆ ಅದು ನಿಮ್ಮ ತಲೆ ಮೇಲೆ ಕಾವು ಸುರಿಯುತ್ತಲೇ ಇರುತ್ತದೆ. ಫ್ಯಾನ್ ಆ ಛಾವಣಿಗೆ ತಾಗಿಕೊಂಡ ಗಾಳಿಯನ್ನೇ ಎಳೆದು ಕೆಳಕ್ಕೆ ತಳ್ಳುತ್ತದೆ. ನಿಮಗೆ ಬೀಳುವ ಬಿಸಿಗಾಳಿ ಅದೇ.

ಹಿಂದೆ ಈ ಭಾಗದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲ್ಮುದ್ದೆಯ ದಪ್ಪ, ಬೆಳಕಿಂಡಿಯ ಗಾಳಿ ಎರಡೂ ಇದ್ದವು. ತೆಳುವಾದ ಕಾಂಕ್ರೀಟ್ ಸ್ಲ್ಯಾಬ್ ಆಗಲಿ, ಶಹಾಬಾದ್ ಕಲ್ಲು ಹಾಸಿದ ಛಾವಣಿಯಾಗಲಿ ಆ ಕೆಲಸ ಮಾಡುವುದಿಲ್ಲ. ಕಲ್ಲು ನೆಲಕ್ಕೆ ತಂಪು, ಬಿಸಿಲಿಗೆ ಒಡ್ಡಿದ ಛಾವಣಿಗೆ ಅಲ್ಲ.

ರಾತ್ರಿಯ ಮಾತು ಯಾಕೆ ಹೇಳುತ್ತಿದ್ದೇನೆಂದರೆ, ವಯಸ್ಸಾದವರನ್ನು ಸೋಲಿಸುವುದು ಬರೀ ಮಧ್ಯಾಹ್ನದ 42 ಡಿಗ್ರಿಯಲ್ಲ. ರಾತ್ರಿಯೂ ಮೈ ತಣಿಯದಿದ್ದರೆ ಮರುದಿನದ ಬಿಸಿಲಿಗೆ ಅವರು ದಣಿದೇ ಏಳುತ್ತಾರೆ. ಭಾರತೀಯ ಹವಾಮಾನ ಇಲಾಖೆ ಇದಕ್ಕೆ 'ಬಿಸಿ ರಾತ್ರಿ' ಎಂಬ ಪ್ರತ್ಯೇಕ ಎಚ್ಚರಿಕೆಯನ್ನೇ ಕೊಡುತ್ತದೆ: ಹಗಲಿನ ಗರಿಷ್ಠ ತಾಪ 40 ಅಥವಾ ಮೇಲಿದ್ದು, ರಾತ್ರಿಯ ಕನಿಷ್ಠ ತಾಪ ವಾಡಿಕೆಗಿಂತ 4.5 ಡಿಗ್ರಿಗೂ ಹೆಚ್ಚು ಏರಿದಾಗ. ಆ ದಿನ ತಾರಸಿ ಕೆಳಗಿನ ಮನೆಗಳಿಗೆ ಹೊರಗಿನ ಬಿಸಿಯ ಜತೆ ಸ್ಲ್ಯಾಬಿನ ಬಿಸಿಯೂ ಸೇರುತ್ತದೆ.

ಆದ್ದರಿಂದ ಮೊದಲು ಸುಣ್ಣ

ಮಾಲೀಕರು ಒಪ್ಪಿರುವುದು ದೊಡ್ಡ ಅನುಕೂಲ, ಖರ್ಚು ನಿಮ್ಮದೇ ಆದರೂ ಹಿಂದೆ ಸರಿಯಬೇಡಿ. ಸುಣ್ಣ ಬರೀ ನೋಟಕ್ಕೆ ಎನ್ನುವವರು ಉಂಟು. ಹಳೆ ಸಿಮೆಂಟ್ ಬಿಸಿಲಿನ ಕಾಲುಭಾಗ ಮರಳಿಸಿದರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಮುಕ್ಕಾಲು ಭಾಗ ಮರಳಿಸುತ್ತದೆ. ತಾರಸಿಯ ಮೈಬಿಸಿ ಮಧ್ಯಾಹ್ನ 15 ಡಿಗ್ರಿಗಿಂತ ಹೆಚ್ಚೇ ಇಳಿಯುತ್ತದೆ, ಕೋಣೆಯ ಗಾಳಿ 2ರಿಂದ 5 ಡಿಗ್ರಿ. ಎರಡೇ ಡಿಗ್ರಿ ಇಳಿದರೂ ಹಾಸಿಗೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಯಾಕೆಂದರೆ ಛಾವಣಿಯಿಂದ ನೇರ ಮೈಗೆ ಹೊಡೆಯುವ ಕಾವು ಕಡಿಮೆಯಾಗಿರುತ್ತದೆ. 2010ರ ಭೀಕರ ಬಿಸಿಲಿನ ನಂತರ ಅಹಮದಾಬಾದ್ 2013ರಲ್ಲಿ ತನ್ನ ಬಿಸಿಗಾಳಿ ಯೋಜನೆ ಮಾಡಿಕೊಂಡಿತು, ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಅದಕ್ಕೆ ಸೇರಿಸಿತು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ತಂದಿದೆ. ಇದು ಹೊಸ ಪ್ರಯೋಗವೇನಲ್ಲ.

600 ಚದರಡಿಗೆ 20 ಕೆಜಿ ಅರಳಿಸಿದ ಪುಡಿ ಸುಣ್ಣ, 5 ಕೆಜಿ ಬಿಳಿ ಸಿಮೆಂಟ್, ಒಂದರಿಂದ ಒಂದೂವರೆ ಲೀಟರ್ ಅಕ್ರಿಲಿಕ್ ಅಂಟು ಬೇಕಾಗುತ್ತದೆ. ಸುಣ್ಣದ ಕಲ್ಲು ತಂದು ಮನೆಯಲ್ಲಿ ಅರಳಿಸಲು ಹೋಗಬೇಡಿ. ನೀರು ಬಿದ್ದಾಗ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ಪುಡಿ ಸುಣ್ಣ ಕಲಸುವಾಗಲೂ ಕನ್ನಡಕ, ಕೈಗವಸು ಇರಲಿ, ಮಕ್ಕಳು ಹತ್ತಿರ ಬಾರದಿರಲಿ.

ಹಿಂದಿನ ದಿನ ತಾರಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪಾಚಿ, ದೂಳು, ಸಿಪ್ಪೆ ಎದ್ದ ಹಳೆ ಬಣ್ಣ ಎಲ್ಲ ತೆಗೆಯಿರಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ದೂಳಿನ ಮೇಲೆ ಬಳಿದ ಸುಣ್ಣ ದೂಳಿನ ಜತೆಗೇ ಎದ್ದುಬರುತ್ತದೆ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಹದ ತೆಳು ಅಂಬಲಿಯಂತಿರಬೇಕು, ದಪ್ಪ ಬಳಿದರೆ ಒಣಗಿ ಬಿರಿಯುತ್ತದೆ. ಬಿಳಿ ಸಿಮೆಂಟನ್ನು ಮಾತ್ರ ಒಂದೊಂದು ಬಕೆಟ್‌ಗೆ ಬೇಕಾದಷ್ಟೇ ಆಗಾಗ ಬೆರೆಸಿಕೊಳ್ಳಿ. ಒಟ್ಟಿಗೆ ಬೆರೆಸಿದರೆ ಎರಡು ಗಂಟೆಯಲ್ಲಿ ಗಟ್ಟಿಯಾಗಿ ವ್ಯರ್ಥವಾಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ತಾರಸಿಗೆ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಮೊದಲ ಕೈ ಬಳಿಯಿರಿ. ಮರುದಿನ ಸಂಜೆ ಅಡ್ಡಡ್ಡಲಾಗಿ ಎರಡನೇ ಕೈ. ಸುಣ್ಣ ಗಟ್ಟಿಯಾಗಲು ತೇವ ಬೇಕು. ಮಟಮಟ ಮಧ್ಯಾಹ್ನ ಬಳಿದರೆ ಕ್ಷಣದಲ್ಲಿ ಒಣಗಿ, ಕೈ ಸವರಿದರೆ ಹುಡಿ ಬರುತ್ತದೆ. "ಸುಣ್ಣ ನಿಲ್ಲಲ್ಲ" ಎಂಬ ದೂರು ಹುಟ್ಟುವುದೇ ಈ ತಪ್ಪಿನಿಂದ. ಎರಡು ದಿನ ಸಂಜೆ ಲಘುವಾಗಿ ನೀರು ಚಿಮುಕಿಸಿದರೆ ಸಾಕು, ನಾಲ್ಕೈದು ಬಕೆಟ್‌ನಲ್ಲಿ ಮುಗಿಯುತ್ತದೆ.

ಸಾಮಾನು, ಒಬ್ಬ ಆಳಿನ ಕೂಲಿ ಸೇರಿ 2,000 ರೂಪಾಯಿಯೊಳಗೆ ಆಗುವ ಕೆಲಸ. ಬಾಳಿಕೆ ಒಂದು ಬೇಸಿಗೆ, ಮಳೆಗಾಲದಲ್ಲಿ ಅರ್ಧ ತೊಳೆದುಹೋಗುತ್ತದೆ, ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಮಳೆನೀರು ಸಂಪಿಗೆ ಹೋಗುವಂತಿದ್ದರೆ ಮೊದಲ ಒಂದೆರಡು ಮಳೆಯ ನೀರು ಹೊರಗೆ ಬಿಡಿ. ಅಂಗಡಿಯ ತಂಪು ಛಾವಣಿ ಬಣ್ಣವೂ ಒಳ್ಳೆಯದೇ, ಹಲವು ವರ್ಷ ಬಾಳುತ್ತದೆ. ಆದರೆ 20 ಲೀಟರ್ ಡಬ್ಬಿ ಎರಡು ಕೈಗೆ 400ರಿಂದ 500 ಚದರಡಿಗಷ್ಟೇ ಬರುತ್ತದೆ, ನಿಮ್ಮ ತಾರಸಿಗೆ ಒಂದು ಡಬ್ಬಿ ಸಾಲದು. ಅದು ಮಾಲೀಕರು ಹಾಕಬೇಕಾದ ಹಣ, ಬಾಡಿಗೆದಾರರಲ್ಲ. ಮುಂದೆ ಅವರು ಮನಸ್ಸು ಮಾಡಿದರೆ ಒಂದು ಮಾತು ನೆನಪಿಸಿ: ಸುಣ್ಣದ ಮೇಲೆ ಆ ಬಣ್ಣ ಹಿಡಿಯದು, ಪೂರ್ತಿ ಉಜ್ಜಿ ತೆಗೆದೇ ಹಚ್ಚಬೇಕು. ಸೋರುತ್ತದೆಂದು ಕಪ್ಪು ಡಾಂಬರು ಶೀಟ್ ಹಾಕಿಸಲು ಹೊರಟರೆ ದಯವಿಟ್ಟು ತಡೆಯಿರಿ, ಅಥವಾ ಅದರ ಮೇಲೆ ಬಿಳಿ ಮೇಲ್ಪದರ ಬರುವಂತೆ ನೋಡಿಕೊಳ್ಳಿ.

ಒಳಗೆ ಪಿವಿಸಿ ಅಥವಾ ಥರ್ಮಾಕೋಲ್ ಸೀಲಿಂಗ್ ಹಾಕಿಸಿ ಎಂದು ಯಾರಾದರೂ ಬಂದೇ ಬರುತ್ತಾರೆ. ಬಿಸಿ ಸ್ಲ್ಯಾಬ್‌ವರೆಗೆ ಬಂದ ಮೇಲೆ ತಡೆಯುವ ಕೆಲಸ ಅದು. ಜತೆಗೆ ತೆರೆದಿಟ್ಟ ಥರ್ಮಾಕೋಲ್‌ಗೆ ಕಿಡಿ ಬಿದ್ದರೆ ಕ್ಷಣದಲ್ಲಿ ಹೊತ್ತಿ ಕರಗಿ ಸುರಿಯುತ್ತದೆ. ಬೇಡ.

ಅತ್ತೆ ಮಲಗುವ ಕೋಣೆಯ ಮೇಲಷ್ಟೇ ಇನ್ನೂ ಬಿಗಿ ಮಾಡಬೇಕೆಂದರೆ, ತಾರಸಿಯಿಂದ ಎರಡು ಮೂರು ಅಡಿ ಎತ್ತರಕ್ಕೆ ಬಿದಿರು ಕಟ್ಟಿ ಶೇಡ್ ನೆಟ್ ಹಾಕಿ. ನಡುವೆ ಗಾಳಿ ಆಡಬೇಕು, ನೆಟ್ ತಾರಸಿಗೆ ಅಂಟಿಕೊಂಡರೆ ಲಾಭ ಕಡಿಮೆ. ಊರ ಕಡೆಯಿಂದ ತೊಗರಿ ಕಟ್ಟಿಗೆ ತಂದು ಹಂದರ ಹಾಕುವ ರೂಢಿ ಇದೆ, ನೆರಳು ಚೆನ್ನಾಗಿಯೇ ಬರುತ್ತದೆ. ಆದರೆ ಪೇಟೆಯ ಒತ್ತೊತ್ತಾದ ಮನೆಗಳ ನಡುವೆ, ಕರೆಂಟಿನ ತಂತಿ ಹಾದಿರುವಲ್ಲಿ, ಒಣ ಕಟ್ಟಿಗೆ ಬೆಂಕಿಗೆ ಆಹ್ವಾನ.

ಪಶ್ಚಿಮದ ಕಿಟಕಿಗೆ ಪರದೆ ಒಳಗಿನಿಂದಲ್ಲ, ಹೊರಗಿನಿಂದ ಬರಲಿ. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ಅದನ್ನು ಹೊರಗೆ ಕಳಿಸಲಾರದು. ಬಿದಿರ ಕಡ್ಡಿಯ ಪರದೆ ಅಥವಾ ಲಾವಂಚದ ತಟ್ಟಿ ಹೊರಗೆ ಇಳಿಬಿಟ್ಟರೆ ಸಾಕು. ಹೊರಗಿನ ಗಾಳಿ ಒಳಗಿಗಿಂತ ಬಿಸಿ ಇರುವಾಗ, ಅಂದರೆ ಬೆಳಿಗ್ಗೆ 9ರ ನಂತರ ಕಿಟಕಿ ಮುಚ್ಚಿ, ರಾತ್ರಿ ಹೊರಗೆ ತಣಿದ ಮೇಲೆ ಎಲ್ಲವನ್ನೂ ತೆರೆದಿಡಿ. "ಗಾಳಿ ಬರಲಿ" ಎಂದು ದಿನವಿಡೀ ತೆರೆದಿಡುವುದು ಕರಾವಳಿಗೆ ಸರಿ, ಕಲಬುರಗಿಗೆ ಅಲ್ಲ.

ಆಮೇಲೆ ಮೀಟರ್

ಪವರ್ ಸೇವರ್ ಡಬ್ಬಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರೊಳಗೆ ಒಂದು ಕೆಪಾಸಿಟರ್, ಒಂದು ಮಿಣುಕು ದೀಪ. ಮನೆ ಮೀಟರ್ ಲೆಕ್ಕ ಹಾಕುವುದು ಯೂನಿಟ್, ಅದನ್ನು ಕೆಪಾಸಿಟರ್ ಇಳಿಸದು.

ನಿಜವಾದ ಅಳತೆ ನಿಮ್ಮ ಗೋಡೆಯ ಮೇಲೇ ಇದೆ. ಮೀಟರ್ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಎಂದಿದ್ದರೆ 3,200 ಬಾರಿ ಮಿನುಗಿದಾಗ ಒಂದು ಯೂನಿಟ್. ಮನೆಯಲ್ಲಿ ಎಲ್ಲ ಆರಿಸಿ, ಫ್ರಿಜ್ ಪ್ಲಗ್ ಕಿತ್ತು, ಒಂದೇ ಫ್ಯಾನ್ ಪೂರ್ತಿ ವೇಗದಲ್ಲಿ ಬಿಡಿ. ಎರಡು ಮಿನುಗಿನ ನಡುವೆ 15 ಸೆಕೆಂಡ್ ಬಂದರೆ ಆ ಫ್ಯಾನ್ 75 ವ್ಯಾಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಆಗಿದ್ದರೆ 37 ಸೆಕೆಂಡ್ ಕಾಯಬೇಕು, ಅದು 30 ವ್ಯಾಟ್. ಹಾಗೆಯೇ ಫ್ರಿಜ್ ಒಂದನ್ನೇ ಹಚ್ಚಿ ಕಂಪ್ರೆಸರ್ ಓಡುವಾಗ ಎಣಿಸಿ. ಎಲ್ಲವನ್ನೂ ಆರಿಸಿದ ಮೇಲೂ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಅಥವಾ ನಿಮ್ಮ ಮೀಟರಿನಿಂದ ಬೇರೆ ಯಾರಿಗೋ ಲೈನ್ ಹೋಗಿದೆ. ಬಾಡಿಗೆ ಮನೆಗಳಲ್ಲಿ ಮೆಟ್ಟಿಲ ದೀಪ, ಎಲ್ಲರ ಮೋಟಾರ್ ಒಬ್ಬರ ಮೀಟರಿಗೆ ಸೇರಿರುವುದು ಅಪರೂಪವಲ್ಲ, ನೋಡಿಕೊಳ್ಳಿ.

ನೀವು ಕೊಟ್ಟ ಪಟ್ಟಿಯಿಂದ ಅಂದಾಜು ಮಾಡಿದರೆ 172ರಲ್ಲಿ ಫ್ಯಾನ್‌ಗಳದ್ದೇ 95 ಯೂನಿಟ್, ಫ್ರಿಜ್ 45, ದೀಪ ಮತ್ತು ಟಿವಿ 24, ಮೋಟಾರ್ 8. ಅರ್ಧಕ್ಕಿಂತ ಹೆಚ್ಚು ಫ್ಯಾನ್‌ಗೇ ಹೋಗುವುದು ಬೇಸಿಗೆಯಲ್ಲಿ ಸಹಜ. ಫ್ಯಾನ್ ಕಡಿಮೆ ಹೊತ್ತು ಬಿಡುವುದು ಅದಕ್ಕೆ ಮದ್ದಲ್ಲ, ಫ್ಯಾನ್ ಬದಲಿಸುವುದು ಮದ್ದು.

ಮೂರನ್ನೂ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ಓಡುವ ಎರಡು, ಅತ್ತೆ ಕೋಣೆಯದ್ದು ಮತ್ತು ಪಡಸಾಲೆಯದ್ದು, ದಿನಕ್ಕೆ 18 ಗಂಟೆ ಓಡುತ್ತವೆ ಎಂದುಕೊಂಡರೆ, ಅವುಗಳ ಜಾಗಕ್ಕೆ ಬಿಎಲ್‌ಡಿಸಿ ಹಾಕಿದಾಗ ತಿಂಗಳಿಗೆ 49 ಯೂನಿಟ್ ಇಳಿಯುತ್ತದೆ. ಎರಡಕ್ಕೂ ಸೇರಿ 5,500 ರೂಪಾಯಿ ಆಸುಪಾಸು. ಕೊಳ್ಳುವಾಗ ಸ್ಟಾರ್ ಪಟ್ಟಿ ನೋಡಿ, 2023ರಿಂದ ಸೀಲಿಂಗ್ ಫ್ಯಾನ್‌ಗೆ ಅದು ಕಡ್ಡಾಯ. ಹಳೆಯ ರೆಗ್ಯುಲೇಟರ್ ಮೂಲಕ ಬಿಎಲ್‌ಡಿಸಿ ಫ್ಯಾನ್‌ಗೆ ಲೈನ್ ಕೊಡಬಾರದು, ಅದರ ಒಳಗಿನ ಸರ್ಕ್ಯೂಟ್ ಬೇಗ ಹೋಗುತ್ತದೆ. ಎಲೆಕ್ಟ್ರಿಷಿಯನ್ "ಪರವಾಗಿಲ್ಲ, ಫುಲ್‌ನಲ್ಲಿ ಇಟ್ಟರಾಯಿತು" ಎಂದರೂ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಿ. ರಿಮೋಟ್ ಇರುವುದು ತಂದರೆ ಅತ್ತೆಗೆ ಎದ್ದುಹೋಗುವ ಕೆಲಸವೂ ತಪ್ಪುತ್ತದೆ. ಮನೆ ಬಿಡುವಾಗ ಹಳೆಯದನ್ನು ಮರಳಿ ತಗುಲಿಸಿ ನಿಮ್ಮದನ್ನು ಒಯ್ಯಬಹುದು.

ಫ್ರಿಜ್ ಈಗಲೇ ಬದಲಿಸುವಷ್ಟು ಹಣ ಇಲ್ಲ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸತ್ತಿದೆ, 500ರಿಂದ 800 ರೂಪಾಯಿಗೆ ಹೊಸದು ಹಾಕಿಕೊಡುತ್ತಾರೆ. ಫ್ರಿಜ್ ಗೋಡೆಯಿಂದ ಒಂದು ಗೇಣು ಮುಂದಿರಲಿ, ಒಲೆಯ ಪಕ್ಕ, ಪಶ್ಚಿಮದ ಗೋಡೆ ಬೇಡ. ಹಿಂಬದಿಯ ಜಾಲರಿಯ ದೂಳು ಒರೆಸಿ. ಮಂಜು ಅರ್ಧ ಸೆಂಟಿಮೀಟರ್ ಕಟ್ಟುವ ಮೊದಲೇ ಕರಗಿಸಿ. ಇಷ್ಟರಿಂದ ತಿಂಗಳಿಗೆ 9 ಯೂನಿಟ್ ಆದರೂ ಸಿಗುತ್ತದೆ. ಮೂರು ಟ್ಯೂಬ್‌ಲೈಟ್‌ಗಳನ್ನು ಚೋಕ್ ಸಹಿತ ತೆಗೆದು 20 ವ್ಯಾಟ್ ಎಲ್‌ಇಡಿ ಹಾಕಿದರೆ 13.

172ರಿಂದ ಈಗ 101ಕ್ಕೆ ಬಂದಿರಿ. ಖರ್ಚು ಸುಣ್ಣ ಸೇರಿ 9,000 ರೂಪಾಯಿ. 200ರ ಗೆರೆಗೆ ಈಗ 99 ಯೂನಿಟ್ ಜಾಗ ಇದೆ. ಯಂತ್ರದ ಮಾತು ಈಗ ಆಡಬಹುದು.

ಕೂಲರ್

ಉಳಿದ 6,000 ರೂಪಾಯಿಗೆ ಸ್ಥಳೀಯವಾಗಿ ಮಾಡುವ ತಗಡಿನ ಕೂಲರ್ ಸಿಗುತ್ತದೆ. 101ಕ್ಕೆ 54 ಸೇರಿ 155 ಯೂನಿಟ್, ಕಟ್ಟಬೇಕಾದ್ದು 77ಕ್ಕೆ, ಸುಮಾರು 540 ರೂಪಾಯಿ. ಕೂಲರ್ ಇಲ್ಲದೆಯೇ ನೀವು ಹೋದ ತಿಂಗಳು ಕಟ್ಟಿದ್ದು 650ರ ಆಸುಪಾಸು ಇರಬೇಕು. ನನ್ನ ಆಯ್ಕೆ ಇದೇ, ಆದರೆ ಷರತ್ತುಗಳಿವೆ.

ಕೂಲರ್ ಕೆಲಸ ಮಾಡುವುದು ಒಣ ಗಾಳಿಯಲ್ಲಿ. 42 ಡಿಗ್ರಿ, ತೇವಾಂಶ ಶೇ. 20 ಇದ್ದ ಮಧ್ಯಾಹ್ನ ಒಳ್ಳೆಯ ಪ್ಯಾಡ್ ಇರುವ ಕೂಲರ್ 29ರ ಗಾಳಿ ಕೊಡುತ್ತದೆ. ಅದೇ ಜೂನ್‌ನಲ್ಲಿ 36 ಡಿಗ್ರಿ, ಶೇ. 55 ತೇವ ಇದ್ದಾಗ 30ಕ್ಕಿಂತ ಇಳಿಯುವುದಿಲ್ಲ, ಮೈಯೆಲ್ಲ ಅಂಟಂಟು. ಮಳೆ ಮೋಡ ಕವಿದ ದಿನ ಪಂಪ್ ಆರಿಸಿ ಬರೀ ಗಾಳಿ ಬಿಡಿ.

ಅತ್ತೆಯವರು ಹೇಳುವ ಕೀಲುನೋವಿನಲ್ಲಿ ಅರ್ಧ ಸತ್ಯ ಇದೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಕೋಣೆ ತೇವದಿಂದ ತುಂಬಿ, ಹಾಸಿಗೆ ತಣ್ಣಗೆ ಒದ್ದೆಯಾದಂತಾಗಿ, ಬೆಳಿಗ್ಗೆ ಮೈ ಬಿಗಿದಿರುತ್ತದೆ. ಕೂಲರಿಗೆ ಬೇಕಾದ್ದು ಹೊರಗಿನ ಒಣಗಾಳಿ. ಅದು ಕಿಟಕಿಯ ಹೊರಗೆ ಇರಬೇಕು, ಎದುರಿನ ಕಿಟಕಿಯ ಒಂದು ಬಾಗಿಲು ತೆರೆದಿರಬೇಕು. ಗಾಳಿ ನೇರ ಮೈಮೇಲೆ ಬಾರದಂತೆ ರೆಕ್ಕೆ ಮೇಲಕ್ಕೆ ತಿರುಗಿಸಿ. 10×12 ಅಡಿಯ ಕೋಣೆಗೆ ದೊಡ್ಡ ಕೂಲರ್ ಬೇಡ, ಚಿಕ್ಕದೇ ಸಾಕು.

ನೀರು ನಿಮಗೆ ನಿಜವಾದ ತೊಡಕು. ಗಂಟೆಗೆ 6ರಿಂದ 10 ಲೀಟರ್ ಆವಿಯಾಗುತ್ತದೆ. ಹತ್ತು ಗಂಟೆಗೆ ಐದಾರು ಕೊಡ. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಕೊಳ್ಳುವ ಮೊದಲು ಎರಡು ಪಾಳಿಯ ನಡುವೆ 250–300 ಲೀಟರ್ ಮಿಕ್ಕುತ್ತದೆಯೇ ಎಂದು ಒಂದು ವಾರ ಗಮನಿಸಿ. ಮಿಕ್ಕದಿದ್ದರೆ ಮಧ್ಯಾಹ್ನ 1ರಿಂದ 5, ರಾತ್ರಿ ಮೊದಲ ಮೂರು ಗಂಟೆ ಮಾತ್ರ ಬಿಡಿ. ಬೋರಿನ ಗಡಸು ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿ ನಿಲ್ಲುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಉಜ್ಜಿ, ಉಪ್ಪೂ ಹೋಗುತ್ತದೆ, ಡೆಂಗಿ ಸೊಳ್ಳೆಯ ಮರಿಯೂ ಹೋಗುತ್ತದೆ.

ತಗಡಿನ ಕೂಲರ್, ನೀರು, ಕರೆಂಟ್, ಮೂರೂ ಒಂದೆಡೆ ಸೇರುವ ಜಾಗ ಇದು. ಪ್ರತಿ ಬೇಸಿಗೆಯಲ್ಲೂ ಕೂಲರ್ ಮುಟ್ಟಿ ಜನ ಸಾಯುತ್ತಾರೆ. ಮೂರು ಪಿನ್ನಿನ ಪ್ಲಗ್ಗೇ ಇರಬೇಕು, ಸಾಕೆಟ್‌ನ ಅರ್ಥಿಂಗ್ ನಿಜಕ್ಕೂ ನೆಲಕ್ಕೆ ಹೋಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು, ಮೇನ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್, ಇರಬೇಕು. ಎಂಸಿಬಿ ಇದ್ದರೆ ಸಾಲದು, ಅದು ವೈರನ್ನು ಕಾಪಾಡುತ್ತದೆ, ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ನೀರು ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳುವುದು ಮನೆಯವರೆಲ್ಲರ ಅಭ್ಯಾಸವಾಗಬೇಕು. ಅತ್ತೆಯವರು, ಮಕ್ಕಳು ನೀರು ತುಂಬಿಸುವುದು ಬೇಡ. ಈ ಖರ್ಚು ಸೇರಿದಾಗ ಹಣ ಸಾಲದಿದ್ದರೆ ಹೊಸ ಕೂಲರ್ ಬಿಟ್ಟು ಬಳಸಿದ ಕೂಲರ್ ನೋಡಿ, ಹೊಸ ಪಂಪ್, ಹೊಸ ಪ್ಯಾಡ್ ಹಾಕಿಸಿ. ಸುರಕ್ಷತೆಯಲ್ಲಿ ಕಡಿತ ಮಾಡಬೇಡಿ.

ಎಸಿ ಬೇಡವೇ?

ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. 71ರ ವಯಸ್ಸಿಗೆ, ಬಿಪಿ ಇರುವವರಿಗೆ, ಕೆಲವು ರಾತ್ರಿ ಅದು ಸುಖದ ವಸ್ತುವಲ್ಲ, ಔಷಧಿಯಂತೆ. ಆದರೆ ಕಾದ 17 ಟನ್ ಕಾಂಕ್ರೀಟ್ ಕೆಳಗೆ ಎಸಿ ಕೂರಿಸಿದರೆ ಅದು ರಾತ್ರಿಯಿಡೀ ಸ್ಲ್ಯಾಬನ್ನು ತಣಿಸುವುದರಲ್ಲೇ ಕಳೆಯುತ್ತದೆ. ಒಂದು ಟನ್ನಿನ ಇನ್ವರ್ಟರ್ ಎಸಿ ಗಂಟೆಗೆ 0.6 ಯೂನಿಟ್, ಎಂಟು ಗಂಟೆ ಎಂದರೆ ತಿಂಗಳಿಗೆ 144. ಈಗಿನ 172ಕ್ಕೆ ಸೇರಿದರೆ 316, ಪೂರ್ತಿ ಬಿಲ್, 2,200 ರೂಪಾಯಿಯ ಮೇಲೆ, ಜತೆಗೆ ಕಂತು. ಸುಣ್ಣ, ಫ್ಯಾನ್, ದೀಪ ಎಲ್ಲ ಆದ ಮೇಲೆ ತಂದರೆ ನಿಮಗಿರುವ 99 ಯೂನಿಟ್‌ನಲ್ಲಿ ರಾತ್ರಿ ಐದು ಗಂಟೆ ಓಡಿಸಿಯೂ 200ರೊಳಗೆ ಇರಬಹುದು. 27ಕ್ಕೆ ಇಟ್ಟು ಬಿಎಲ್‌ಡಿಸಿ ಫ್ಯಾನ್ ಜತೆಗೆ ಬಿಡಬೇಕು. ಒಂದು ಡಿಗ್ರಿ ಏರಿಸಿದರೆ ಶೇ. 6ರಷ್ಟು ಕರೆಂಟ್ ಉಳಿಯುತ್ತದೆ.

ತಡೆ ಇರುವುದು ಬೇರೆ ಕಡೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಎಂದಿದ್ದರೆ ಎಸಿಗೆ ಅದು ಸಾಲದು, ಏರಿಸಲು ಮಾಲೀಕರು ಅರ್ಜಿ ಹಾಕಬೇಕು. ಹಳೆ ಮನೆಯ ತೆಳು ವೈರ್‌ನಲ್ಲಿ ಎಸಿ ಓಡಿಸಿದರೆ ವೈರ್ ಬಿಸಿಯಾಗುತ್ತದೆ. ಮೀಟರ್ ಬೋರ್ಡ್‌ನಿಂದ ಪ್ರತ್ಯೇಕವಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್ ಎಳೆಯಬೇಕು. ಹಾಗಾಗಿ ಈ ವರ್ಷ ಬೇಡ. ಮುಂದಿನ ಫೆಬ್ರವರಿಯಲ್ಲಿ, ಸುಣ್ಣ ಮತ್ತೆ ಬಳಿದ ಮೇಲೆ, ಕೂಲರ್ ಸಾಕಾಯಿತೇ ಎಂದು ನೋಡಿಕೊಂಡು ತೀರ್ಮಾನಿಸಿ.

ಮಾಲೀಕರಿಗೆ ಆಸಕ್ತಿ ಇದ್ದರೆ ತಾರಸಿಗೆ ಸೌರ ಪ್ಯಾನಲ್ ಹಾಕಿಸಲು ನೆರವು ಕೊಡುವ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ವಿಷಯ ಹೇಳಿ. ಕಿಲೋವ್ಯಾಟ್‌ಗೆ 30 ಸಾವಿರದಂತೆ 2 ಕಿಲೋವ್ಯಾಟ್‌ವರೆಗೆ, 3 ಮತ್ತು ಮೇಲಿನದಕ್ಕೆ ಒಟ್ಟು 78 ಸಾವಿರ ರೂಪಾಯಿ ಸಹಾಯಧನ. ಪ್ಯಾನಲ್ ಬಿದ್ದಷ್ಟು ಜಾಗ ತಾರಸಿಗೆ ನೆರಳೂ ಸಿಗುತ್ತದೆ.

ಅತ್ತೆಯವರಿಗಾಗಿ

ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಬೆವರು ಆರಿಸಿ ಮನುಷ್ಯನನ್ನು ತಣಿಸುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಕೋಣೆಯ ಗಾಳಿಯೇ 40 ದಾಟಿದಾಗ ಬರೀ ಫ್ಯಾನ್ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. 200 ರೂಪಾಯಿಯ ಗೋಡೆ ಥರ್ಮಾಮೀಟರ್ ಒಂದನ್ನು ಅವರ ಹಾಸಿಗೆಯ ಎತ್ತರಕ್ಕೆ ತೂಗುಹಾಕಿ. 38 ದಾಟಿತೆಂದರೆ ಒದ್ದೆ ಬಟ್ಟೆಯಿಂದ ಕೈ, ಕುತ್ತಿಗೆ, ಕಾಲು ಒರೆಸಿಕೊಂಡು ಫ್ಯಾನ್ ಕೆಳಗೆ ಕೂರಲಿ. 40 ಮುಟ್ಟಿದರೆ ಕೆಳಗಿನ ಮನೆಯಲ್ಲಿ ಮಧ್ಯಾಹ್ನ ಕಳೆಯುವ ಏರ್ಪಾಟು ಮಾಡಿ, ಮುಜುಗರ ಪಡಬೇಡಿ, ನೆಲಮಹಡಿ ನಿಮ್ಮದಕ್ಕಿಂತ ನಿಶ್ಚಯವಾಗಿ ತಂಪಿರುತ್ತದೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ಮೈಯ ನೀರು ಕಡಿಮೆ ಮಾಡುತ್ತವೆ. ತಾವಾಗಿ ನಿಲ್ಲಿಸಬಾರದು, ಬೇಸಿಗೆಗೆ ಪ್ರಮಾಣ ಬದಲಿಸಬೇಕೇ, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಎಷ್ಟು ಕೊಡಬಹುದು ಎಂದು ಅವರ ವೈದ್ಯರನ್ನೇ ಕೇಳಿ.

ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಹೇಳಿದರೆ, ಮೈ ಕೆಂಡದಂತೆ ಬಿಸಿಯಾದರೆ 108ಕ್ಕೆ ಕರೆ ಮಾಡಿ. ಅದು ಬರುವವರೆಗೆ ಕಾಯುತ್ತ ಕೂರದೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದಿದ್ದಾಗ ಬಾಯಿಗೆ ನೀರು ಹಾಕಬೇಡಿ.

ಕರೆಂಟ್ ಹೋದಾಗಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಮುಂದೆ ಇನ್ವರ್ಟರ್ ತಂದರೆ 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಹಳೆಯ ಎರಡು ಫ್ಯಾನ್ ಏಳೆಂಟು ಗಂಟೆ ಓಡಿಸಿದರೆ, ಹೊಸ ಎರಡನ್ನು ರಾತ್ರಿಯಿಡೀ ಓಡಿಸಿಯೂ ಮಿಕ್ಕುತ್ತದೆ.

ಮೇ ತಿಂಗಳಲ್ಲಿ ಸುಣ್ಣ ಬಳಿದು ಉಪಯೋಗವೇ ಎಂದು ಕೇಳಿದ್ದೀರಿ. ಮುಂಗಾರು ಹಿಡಿಯುವವರೆಗೆ ನಿಮಗೆ ಇನ್ನೂ ಹಲವು ವಾರಗಳ ಬಿಸಿಲಿದೆ, ಎರಡು ಸಾವಿರಕ್ಕೆ ಇಷ್ಟು ರಾತ್ರಿಗಳ ನಿದ್ದೆ ಬೇರೆಲ್ಲೂ ಸಿಗದು. ಬಳಿಯುವ ಮುಂಚಿನ ರಾತ್ರಿ 8ಕ್ಕೆ ಛಾವಣಿಗೆ ಅಂಗೈ ಒತ್ತಿ, ಥರ್ಮಾಮೀಟರ್ ಓದಿ ಬರೆದಿಡಿ. ಎರಡನೇ ಕೈ ಒಣಗಿದ ಮೂರನೇ ದಿನ, ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಆ ಎರಡು ಅಂಕಿಗಳನ್ನು ಮಾಲೀಕರಿಗೆ ತೋರಿಸಿದರೆ ಮುಂದಿನ ವರ್ಷದ ಖರ್ಚಿನಲ್ಲಿ ಪಾಲು ಕೇಳಲು ನಿಮಗೊಂದು ಆಧಾರ ಇರುತ್ತದೆ.